ವಾರಕ್ಕೊಂದು ಮಾತ್ರೆ

ಅಕ್ಕನ ಮಗಳು ಭಾನುವಾರ ಹೈದರಾಬಾದಿನ ಮೆಹದಿಪಟ್ಟಣಂನ ನಮ್ಮ ಮನೆಗೆ ಬಂದವಳು ತನ್ನ ಕಂಪನಿಯ ಆರೋಗ್ಯ ವಿಮೆಯ ಕಾಗದ ಹರಡಿಕೊಂಡು ಕೂತಳು. ಮದುವೆಯಾಗಿ ಎಂಟು ತಿಂಗಳು. ‘ಚಿಕ್ಕಮ್ಮ, ಹೆರಿಗೆಗೆ ದುಡ್ಡು ಕೊಡ್ತಾರಂತೆ. ಈಗಲೇ ಬೇಡ ಅಂದ್ರೆ ಕೊಡಲ್ವಂತೆ!’ ಎಂದು 17ನೇ ಕಲಮಿನ ಮೇಲೆ ಬೆರಳಿಟ್ಟಳು. ಯಾವ ಬಗೆಯ ಗರ್ಭನಿರೋಧಕ್ಕೂ, ಸಂತಾನಹರಣ ಶಸ್ತ್ರಚಿಕಿತ್ಸೆಗೂ ವಿಮೆ ಇಲ್ಲ. ಈ ಖರ್ಚನ್ನು ಹೊರಗಿಡುವ ಪಾಲಿಸಿಗಳು ಬಳಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವೇ ಕೊಟ್ಟ ಒಕ್ಕಣೆ ಅದು.

ಅವಳ ಚೀಲದಲ್ಲಿ ಸರ್ಕಾರಿ ದವಾಖಾನೆ ಪುಕ್ಕಟೆ ಕೊಟ್ಟ ‘ಛಾಯಾ’ ಗರ್ಭನಿರೋಧಕ ಮಾತ್ರೆ ಇತ್ತು. ಅದು ಹುಟ್ಟಿದ ಕತೆ ಅವಳಿಗೆ ಗೊತ್ತಿರಲಿಲ್ಲ. ಹೇಳಿದೆ.

1960ರಲ್ಲಿ ಅಮೆರಿಕ ಹಾರ್ಮೋನ್ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ದಿನಾ ನುಂಗಬೇಕು, ಎಷ್ಟೋ ಜನಕ್ಕೆ ವಾಕರಿಕೆ, ತಲೆನೋವು. ಲಖನೌದಲ್ಲಿ, ಗೋಮತಿಯ ದಂಡೆಯ ಛತರ್ ಮಂಜಿಲ್‌ನಲ್ಲಿ, ಅವಧದ ನವಾಬರು ಬಾಳಿದ ಅರಮನೆಯಲ್ಲಿ, 1951ರಿಂದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ನಡೆಯುತ್ತಿತ್ತು. ಅಲ್ಲಿಯ ರಸಾಯನ ವಿಜ್ಞಾನಿ ನಿತ್ಯಾನಂದ್ ಮತ್ತು ಅವರ ಬಳಗ ಹಾರ್ಮೋನ್ ಇಲ್ಲದ, ಕೂಡಿದ ಮೇಲೆ ನುಂಗಿದರೂ ಕೆಲಸ ಮಾಡುವ ಮಾತ್ರೆಯನ್ನು ಹುಡುಕಿದರು. ಗರ್ಭಕೋಶದಲ್ಲಿ ಈಸ್ಟ್ರೋಜೆನ್ ಕೂರುವ ಮಣೆಯ ಮೇಲೆ ಬೇರೊಂದು ಅಣುವನ್ನು ಮೊದಲೇ ಕೂರಿಸಿಬಿಟ್ಟರೆ ಒಳಪದರ ಅಣಿಯಾಗುವುದಿಲ್ಲ, ಫಲಿತ ಅಂಡ ನೆಲೆಯೂರುವುದಿಲ್ಲ ಎಂಬುದು ಲೆಕ್ಕಾಚಾರ. ಅಣುವಿನ ಒಂದೊಂದು ಮೂಲೆ ಬದಲಿಸಿ ಮತ್ತೆ ಮತ್ತೆ ಕಟ್ಟಿದರು. ಕರ್, ಕಾಂಬೋಜ್ ಮೊದಲಾದ ಜೀವವಿಜ್ಞಾನಿಗಳು ಅವನ್ನು ಇಲಿಗಳಿಗೆ ಕೊಟ್ಟು ನೋಡಿದರು.

ಇಲಿಯಲ್ಲಿ ಗೆದ್ದದ್ದು ಹೆಂಗಸಿನಲ್ಲಿ ಗೆಲ್ಲಬೇಕೆಂದಿಲ್ಲ. ಅದೇ ದಶಕದಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯೂ ಈ ದಾರಿ ಹಿಡಿದಿತ್ತು. ಅವರ ಟಮಾಕ್ಸಿಫೆನ್ ಇಲಿಗಳಲ್ಲಿ ಗರ್ಭ ತಡೆಯಿತು, ಹೆಂಗಸರಲ್ಲಿ ಅಂಡ ಬಿಡುಗಡೆಯನ್ನೇ ಚುರುಕುಗೊಳಿಸಿತು. ಮುಂದೆ ಸ್ತನ ಕ್ಯಾನ್ಸರಿನ ಮದ್ದಾಯಿತು. ಲಖನೌದವರು ಕಟ್ಟಿದ ಸೆಂಟ್‌ಕ್ರೋಮನ್ ಎಂಬ ಅಣು ಮಾತ್ರ ಹೆಂಗಸರಲ್ಲೂ ನಿಂತಿತು. ಅದರ ಅರ್ಧಪಾಲು ರಕ್ತದಿಂದ ಕರಗಲು ಸುಮಾರು ಒಂದು ವಾರ ಬೇಕು. ಹೀಗೆ, ಕೂಡಿದ ಮೇಲಿನ ಮಾತ್ರೆ ಹುಡುಕಹೋದವರ ಕೈಗೆ ವಾರದ ಮಾತ್ರೆ ಸಿಕ್ಕಿತು. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು, 30 ಮಿಲಿಗ್ರಾಂ. ಕೆಲವರಿಗೆ ಮುಟ್ಟು ತಡವಾಗುತ್ತದೆ; ಆ ದಿನಗಳ ಆತಂಕ ಸಣ್ಣದಲ್ಲ. 1991ರಲ್ಲಿ ಸರ್ಕಾರದ ಹಿಂದುಸ್ತಾನ್ ಲೇಟೆಕ್ಸ್ ಅದನ್ನು ‘ಸಹೇಲಿ’ ಎಂದು ಮಾರಿತು. 2016ರಲ್ಲಿ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿ ‘ಛಾಯಾ’ ಆಯಿತು.

ಫಲಿತ ಅಂಡ ನೆಲೆಯೂರದಂತೆ ತಡೆಯುವುದು ಪಾಪವೆಂದೇ ಅಮೆರಿಕದ ಹಾಬಿ ಲಾಬಿ ಅಂಗಡಿಗಳ ಧಣಿಗಳು ಕೋರ್ಟಿಗೆ ಹೋದರು. ಅಲ್ಲಿಯ ಕಾನೂನಿನಂತೆ ಧಣಿಗಳು ನೌಕರರಿಗೆ ವಿಮೆ ಕೊಡಬೇಕಿದ್ದ 20 ಗರ್ಭನಿರೋಧಕ ವಿಧಾನಗಳಲ್ಲಿ ನಾಲ್ಕು ತಮ್ಮ ಕ್ರೈಸ್ತ ನಂಬಿಕೆಗೆ ವಿರುದ್ಧ ಎಂದರು. 2014ರ ಜೂನ್ 30ರಂದು ಸುಪ್ರೀಂ ಕೋರ್ಟು 5–4ರಲ್ಲಿ ಅವರ ಮಾತು ಎತ್ತಿಹಿಡಿಯಿತು. ಕನಿಷ್ಠ ಕೂಲಿಯವಳಿಗೆ ಗರ್ಭಕೋಶದೊಳಗೆ ಇಡುವ ಸಾಧನದ ಬೆಲೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ ಎಂದು ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಭಿನ್ನಮತದಲ್ಲಿ ಬರೆದರು. ಆ ನಾಲ್ಕರಲ್ಲಿ ಒಂದಾದ ‘ಪ್ಲಾನ್ ಬಿ’ ಮಾತ್ರೆ ಅಂಡ ನೆಲೆಯೂರುವುದನ್ನು ತಡೆಯುವುದಿಲ್ಲವೆಂದು ಅಲ್ಲಿಯ ಔಷಧ ಇಲಾಖೆ 2022ರ ಡಿಸೆಂಬರಿನಲ್ಲಿ ಲೇಬಲ್ಲನ್ನೇ ತಿದ್ದಿತು. ನಮ್ಮ ಸಹೇಲಿಯ ವಿಚಾರದಲ್ಲಾದರೆ ಆ ಧಣಿಗಳು ತಮ್ಮ ಆಕ್ಷೇಪ ಸರಿ ಎಂದೇ ಹೇಳುತ್ತಿದ್ದರು. ಇರಲಿ. ಆದರೆ ವಿಮೆ ಧಣಿಯ ದಾನವಲ್ಲ, ದುಡಿದವಳ ಸಂಬಳದ ಒಂದು ಪಾಲು. ಅದನ್ನು ಯಾವುದಕ್ಕೆ ಬಳಸಬೇಕೆಂದು ಅವಳ ಮನಸ್ಸೇ ಹೇಳಬೇಕು.

‘ನಮ್ಮಲ್ಲಿ?’ ಎಂದಳು. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದೆ. ಧಣಿ ಯಾವ ದೇವರಿಗೆ ಕೈಮುಗಿದರೂ ಸಂಬಳದ ಶೇ 3.25 ಕಟ್ಟಲೇಬೇಕು. ಸಂತಾನಹರಣ ಮಾಡಿಸಿಕೊಂಡ ಗಂಡಸಿಗೆ 7 ದಿನ, ಹೆಂಗಸಿಗೆ 14 ದಿನ ಪೂರ್ತಿ ಕೂಲಿ ಸಿಗುತ್ತದೆ. ಸನತ್‌ನಗರದ ಇಎಸ್‌ಐ ಆಸ್ಪತ್ರೆ ನಮ್ಮ ಊರಿನದೇ. ಇವಳ ತಿಂಗಳ ಸಂಬಳ ಇಎಸ್‌ಐನ 21,000 ರೂಪಾಯಿಯ ಮಿತಿ ದಾಟಿದೆ. ಹಾಗಾಗಿ ಇವಳ ಪಾಲಿಗೆ 17ನೇ ಕಲಮು. ಅಲ್ಲಿ ಯಾರೂ ದೇವರ ಹೆಸರು ಹೇಳಿಲ್ಲ, ಕೋರ್ಟಿಗೂ ಹೋಗಿಲ್ಲ, ಆದರೂ ಸಿಗುವುದಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರ, ಬುಧವಾರಗಳಿಗೆ ಸಣ್ಣ ಚುಕ್ಕೆ ಇಟ್ಟಳು. ಆಮೇಲೆ ಫೋನ್ ತೆಗೆದು, ಮುಂದಿನ ವರ್ಷದ ಪಾಲಿಸಿ ಮಾಡಿಸುವಾಗ ಆ ಕಲಮು ಕೈಬಿಡುವಂತೆ ಕೇಳಿ ಎಂದು ಕಂಪನಿಗೆ ಬರೆಯತೊಡಗಿದಳು.