ಹೋದ ರಾಕೆಟ್ ಮರಳಿ ಬರಲಿ

ದೀಪಾವಳಿಯ ರಾಕೆಟ್ಟಿಗೆ ಹೋಗುವುದಷ್ಟೇ ಗೊತ್ತು. ಬಾಟಲಿಯಿಂದ ಸುಂಯ್ ಎಂದು ಎದ್ದು ಮೇಲೆ ಢಮ್ ಎಂದಿತೆಂದರೆ ಮುಗಿಯಿತು. ಸುಟ್ಟ ಕಡ್ಡಿ ಯಾರ ಮನೆಯ ಹೆಂಚಿನ ಮೇಲೆ ಬಿತ್ತೆಂದು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಮಾಡೆಲ್ ರಾಕೆಟ್ ಹಾರಿಸುವವರ ಗಮನವೆಲ್ಲ ಇರುವುದು ಆಮೇಲಿನ ಭಾಗದ ಮೇಲೆ. ಮಗು ಕೈಯಾರೆ ಅಂಟಿಸಿ ಬಣ್ಣ ಬಳಿದ ರಟ್ಟಿನ ರಾಕೆಟ್ 100 ಮೀಟರ್ ಏರಬೇಕು, ಮೂತಿ ಕಳಚಿ ಪ್ಯಾರಾಚೂಟ್ ಬಿಚ್ಚಿಕೊಳ್ಳಬೇಕು, ತೇಲುತ್ತ ಇಳಿಯಬೇಕು. ಓಡಿಹೋಗಿ ಎತ್ತಿಕೊಂಡು ಬಂದು, ಹೊಸ ಮೋಟಾರ್ ತುರುಕಿ ಮತ್ತೆ ಹಾರಿಸಬೇಕು. ಮರಳದ ರಾಕೆಟ್ ಎಷ್ಟು ಎತ್ತರ ಹೋದರೂ ಈ ಹವ್ಯಾಸಿಗಳ ಲೆಕ್ಕದಲ್ಲಿ ಅದು ಅರ್ಧ ಹಾರಾಟವೇ.

ಈ ಹವ್ಯಾಸ ಹುಟ್ಟಿದ್ದು ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಎಂಬ ಊರಿನಲ್ಲಿ. ಅಲ್ಲಿ ಬೂಟಿನ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್‌ಗೆ ಬಾಣಬಿರುಸಿನ ಹುಚ್ಚು, ಸೋದರ ರಾಬರ್ಟ್‌ಗೆ ಮಾಡೆಲ್ ವಿಮಾನಗಳ ಹುಚ್ಚು. ರಾಕೆಟ್ ಹೇಗೆ ಹಾರುತ್ತದೆಂದು ರಾಬರ್ಟ್ ಮಾಡುತ್ತಿದ್ದ ಭಾಷಣಗಳಲ್ಲಿ ತೋರಿಸಲೆಂದು 1954ರಲ್ಲಿ ಇಬ್ಬರೂ ಸೇರಿ ಕಾಗದದ ಕೊಳವೆಯ ಪುಟ್ಟ ರಾಕೆಟ್ ಮಾಡಿದರು. ಅದರ ಮೋಟಾರನ್ನು ಒಮ್ಮೆ ಉರಿಸಿ ಎಸೆಯಬಹುದಿತ್ತು, ರಾಕೆಟ್ ಮಾತ್ರ ಪ್ಯಾರಾಚೂಟ್ ಹಿಡಿದು ಇಳಿಯುತ್ತಿತ್ತು. ಇಟ್ಟ ಹೆಸರು ರಾಕ್-ಎ-ಚೂಟ್. 1957ರ ಅಕ್ಟೋಬರ್ 4ರಂದು ಸೋವಿಯತ್ ರಷ್ಯಾ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕದ ಹುಡುಗರೆಲ್ಲ ರಾಕೆಟ್ ಮಾಡಲು ಕೂತರು. ನೆಲಮಾಳಿಗೆಗಳಲ್ಲಿ ಕಬ್ಬಿಣದ ಪೈಪಿಗೆ ಸಿಕ್ಕಿದ ರಾಸಾಯನಿಕ ತುಂಬಿ ಕೈ, ಕಣ್ಣು ಕಳೆದುಕೊಂಡವರೂ ಉಂಟು. ವೈಟ್ ಸ್ಯಾಂಡ್ಸ್ ಕ್ಷಿಪಣಿ ಕೇಂದ್ರದಲ್ಲಿ ಕೆಲಸ ಮಾಡಿದ್ದ ಹ್ಯಾರಿ ಸ್ಟೈನ್ ಈ ಅಪಾಯದ ಬಗ್ಗೆ ಸ್ಪುಟ್ನಿಕ್‌ಗೂ ಮೊದಲೇ ಬರೆದದ್ದನ್ನು ಓದಿ ಆರ್ವಿಲ್ ಆತನಿಗೆ ತನ್ನ ರಾಕೆಟ್ ಕಳಿಸಿದ್ದ. ಮಕ್ಕಳು ಮದ್ದನ್ನು ಮುಟ್ಟದೆಯೇ ರಾಕೆಟ್ ಹಾರಿಸಬಹುದೆಂಬುದು ಸ್ಟೈನ್‌ಗೆ ಹೊಳೆದದ್ದು ಆಗ. ಕೊಲೊರಾಡೋದ ವರ್ನ್ ಎಸ್ಟಸ್ ಈ ಮೋಟಾರ್‌ಗಳನ್ನು ತಾನಾಗಿ ತಯಾರಿಸುವ ಯಂತ್ರ ಕಟ್ಟಿ, ಅದಕ್ಕೆ ಮೇಬಲ್ ಎಂದು ಹೆಸರಿಟ್ಟ. ಇವತ್ತಿಗೂ ಮೊದಲ ರಾಕೆಟ್ ಎಂದರೆ ಹೆಚ್ಚಿನವರ ಕೈಗೆ ಬರುವುದು ಎಸ್ಟಸ್ ಕಂಪನಿಯ ಕಿಟ್ಟೇ.

ಮೋಟಾರ್ ಎಂದರೆ ಹೆಬ್ಬೆರಳಿನಷ್ಟು ದಪ್ಪದ ಕಾಗದದ ಕೊಳವೆ. 18 ಮಿ.ಮೀ. ಅಗಲ, 70 ಮಿ.ಮೀ. ಉದ್ದ. ಕೆಳಗೆ ಜೇಡಿಮಣ್ಣಿನ ನಳಿಕೆ, ಅದರ ಮೇಲೆ ಗಟ್ಟಿಯಾಗಿ ಒತ್ತಿದ ಕರಿಮದ್ದು, ಮದ್ದಿನ ಮೇಲೆ ತಳ್ಳುವ ಬಲವಿಲ್ಲದೆ ಬರೀ ಹೊಗೆ ಬಿಡುತ್ತ ನಿಧಾನಕ್ಕೆ ಉರಿಯುವ ಒಂದು ಪದರ, ತುದಿಯಲ್ಲಿ ಚಿಟಿಕೆ ಪುಡಿ. ಮದ್ದು ಉರಿಯುವುದು ಹೆಚ್ಚೆಂದರೆ ಎರಡು ಸೆಕೆಂಡು. ಅಷ್ಟರಲ್ಲಿ ಗಳಿಸಿದ ವೇಗದಿಂದಲೇ ರಾಕೆಟ್ ಮೇಲೇರುತ್ತದೆ. ಆ ಹೊತ್ತಿನಲ್ಲಿ ನಿಧಾನದ ಪದರ ಉರಿದು ಮುಗಿಯುತ್ತದೆ. ಕೊನೆಯ ಚಿಟಿಕೆ ಪುಡಿ ಕೊಳವೆಯೊಳಗೆ ಮೇಲ್ಮುಖವಾಗಿ ಸಿಡಿದು ಮೂತಿಯನ್ನೂ ಪ್ಯಾರಾಚೂಟನ್ನೂ ಹೊರಗೆ ತಳ್ಳುತ್ತದೆ. ಬ್ಯಾಟರಿಯಿಲ್ಲ, ಚಿಪ್ ಇಲ್ಲ. ಗಡಿಯಾರವನ್ನು ಮದ್ದಿನಲ್ಲೇ ಒತ್ತಿಟ್ಟಿದ್ದಾರೆ.

ಮೋಟಾರಿನ ಮೇಲೆ ಎ8-3 ಎಂದು ಬರೆದಿರುತ್ತದೆ. ಅಕ್ಷರ ಒಟ್ಟು ತಳ್ಳಿಕೆಯದು: ಎ ಎಂದರೆ 2.5 ನ್ಯೂಟನ್-ಸೆಕೆಂಡ್‌ವರೆಗೆ, ಬಿ 5, ಸಿ 10, ಹೀಗೆ ಅಕ್ಷರಕ್ಕೊಮ್ಮೆ ದುಪ್ಪಟ್ಟು. 8 ಎಂಬುದು ಸರಾಸರಿ ತಳ್ಳುಬಲ, ನ್ಯೂಟನ್‌ಗಳಲ್ಲಿ. 3 ಎಂದರೆ ಮದ್ದು ಮುಗಿದ ಮೂರು ಸೆಕೆಂಡಿಗೆ ಪ್ಯಾರಾಚೂಟ್. ಈ ಮೂರನ್ನು ಓದಲು ಕಲಿತ ಮಗು ಅಂಗಡಿಯವನಿಗೇ ಪಾಠ ಹೇಳೀತು.

ಅಪ್ಪಂದಿರು ಎಡವುವುದು ಖರೀದಿಯಲ್ಲಿ. ಎಲ್ಲಕ್ಕಿಂತ ದೊಡ್ಡ ರಾಕೆಟ್, ಎಲ್ಲಕ್ಕಿಂತ ಜೋರಾದ ಮೋಟಾರ್ ಬೇಕು. ಬೇಡ. ಎಸ್ಟಸ್‌ನ ಆಲ್ಫಾ-3 ಎಂಬ ಹಳೆಯ ಕಿಟ್ ಬರೀ 31 ಸೆಂ.ಮೀ. ಉದ್ದ. ಅದಕ್ಕೆ ಸಿ ಮೋಟಾರ್ ಹಾಕಿದರೆ 300 ಮೀಟರ್ ದಾಟಿ ಚುಕ್ಕಿಯಾಗಿ, ಮಾಯವಾಗಿ, ಗಾಳಿ ಹಿಡಿದು ಪಕ್ಕದ ಊರಿಗೆ ಹೋದರೂ ಹೋಯಿತು. ಮಗು ನೋಡಿದ್ದೇನು? ಹೊಗೆ. ಎ ಮೋಟಾರ್ ಹಾಕಿದರೆ ಏರುವುದು, ತಿರುಗುವುದು, ಬಿಚ್ಚಿಕೊಳ್ಳುವುದು ಎಲ್ಲ ಕಣ್ಣೆದುರೇ ನಡೆಯುತ್ತದೆ. ಮೊದಲ ಹಾರಾಟಗಳು ತಗ್ಗಿನಲ್ಲೇ ಇರಲಿ.

ಕಟ್ಟುವ ಕೆಲಸ ಮಗುವಿನದು, ಸಮಯ ಎಷ್ಟೇ ಹಿಡಿಯಲಿ. ರೆಕ್ಕೆಗಳನ್ನು ಬಾಲ್ಸಾ ಎಂಬ ಹಗುರ ಮರದಿಂದ ಕತ್ತರಿಸುವುದಾದರೆ ಮರದ ಎಳೆ ರೆಕ್ಕೆಯ ಮುಂಚೂಣಿ ಅಂಚಿನ ಉದ್ದಕ್ಕೂ ಓಡಬೇಕು. ಅಡ್ಡವಾದರೆ ಮೊದಲ ಇಳಿತಕ್ಕೇ ಲಟಕ್. ದುಂಡಗಿನ ಕೊಳವೆಯ ಮೇಲೆ ನೇರ ಗೆರೆ ಎಳೆಯಲು ಒಂದು ಹಳೆಯ ಉಪಾಯವಿದೆ: ಕೊಳವೆಯನ್ನು ಬಾಗಿಲ ಚೌಕಟ್ಟಿನ ಮೂಲೆಗೆ ಒತ್ತಿಟ್ಟು ಮರದ ಅಂಚಿಗುಂಟ ಪೆನ್ಸಿಲ್ ಎಳೆಯುವುದು. ಗೋಂದನ್ನು ಎರಡೂ ಕಡೆ ತೆಳ್ಳಗೆ ಬಳಿದು, ಕೂಡಿಸಿ, ತೆಗೆದು, ಅರೆ ಒಣಗಿದ ಮೇಲೆ ಇನ್ನೊಂದು ಸುತ್ತು ಬಳಿದು ಕೂಡಿಸಿದರೆ ರೆಕ್ಕೆ ಅಲುಗದೆ ನಿಲ್ಲುತ್ತದೆ. ಈ ಕಾಯುವಿಕೆಯನ್ನು ಮಕ್ಕಳು ಸಹಿಸುವುದಿಲ್ಲ ಎನ್ನುತ್ತಾರೆ. ಸಹಿಸದವರು ಸಾಮಾನ್ಯವಾಗಿ ದೊಡ್ಡವರು, "ಕೊಡಿಲ್ಲಿ, ನಾನೇ ಹಚ್ತೀನಿ" ಎಂದು ಕಿತ್ತುಕೊಳ್ಳುವವರು. ಪ್ಯಾರಾಚೂಟ್ ಮಡಚುವ ಮುನ್ನ ಅದಕ್ಕೆ ಒಂದಿಷ್ಟು ಮಕ್ಕಳ ಪೌಡರ್ ಉದುರಿಸಿದರೆ ಪ್ಲಾಸ್ಟಿಕ್ ಮಡಿಕೆಗಳು ಅಂಟಿಕೊಳ್ಳುವುದಿಲ್ಲ. ಬಿಸಿ ತಾಗದಂತೆ ಅದರ ಕೆಳಗೆ ಬೆಂಕಿ ಹಿಡಿಯದ ಕಾಗದದ ಉಂಡೆ ಇಡಬೇಕು. ಮರೆತರೆ ಇಳಿಯುವುದು ಕರಗಿದ ಪ್ಲಾಸ್ಟಿಕ್ ಮುದ್ದೆ.

ಹಾರಿಸುವ ಮುಂಚೆ ಒಂದು ಪರೀಕ್ಷೆ. ಮೋಟಾರ್ ತುಂಬಿದ ರಾಕೆಟ್ ದಾರದಲ್ಲಿ ಸಮತೂಕವಾಗಿ ನಿಲ್ಲುವ ಜಾಗಕ್ಕೆ ಆ ದಾರ ಕಟ್ಟಿ ತಲೆಯ ಸುತ್ತ ಗಿರಗಿರನೆ ತಿರುಗಿಸಬೇಕು. ಮೂತಿ ಮುಂದಾಗಿ ಓಡಿದರೆ ರಾಕೆಟ್ ನೇರ ಹೋಗುತ್ತದೆ. ಬಾಲ ಮುಂದಾದರೆ, ಪಲ್ಟಿ ಹೊಡೆದರೆ, ಅದನ್ನು ಹಾರಿಸಕೂಡದು. ಮೂತಿಯೊಳಗೆ ಚೂರು ಮೇಣದ ಮಣ್ಣು ಮೆತ್ತಿ ಅಥವಾ ರೆಕ್ಕೆ ದೊಡ್ಡದು ಮಾಡಿ ಮತ್ತೆ ತಿರುಗಿಸಬೇಕು. ತೂಕದ ಕೇಂದ್ರ ಗಾಳಿಯ ಒತ್ತಡದ ಕೇಂದ್ರಕ್ಕಿಂತ ಮುಂದಿರಬೇಕು, ಕನಿಷ್ಠ ಕೊಳವೆಯ ಅಗಲದಷ್ಟಾದರೂ. ಶ್ರೀಹರಿಕೋಟಾದ ರಾಕೆಟ್ಟಿಗೆ ದಿಕ್ಕು ತಿದ್ದುವ ಯಂತ್ರಗಳಿವೆ; ಇದಕ್ಕೆ ರೆಕ್ಕೆಯೇ ದಿಕ್ಕು.

ಮೈದಾನದಲ್ಲಿ ನಿಯಮಗಳು ಕಟ್ಟುನಿಟ್ಟು, ಅವೇ ಈ ಆಟದ ಅರ್ಧ ಮಜಾ. ಮೀಟರ್ ಉದ್ದದ ಸರಳಿಗೆ ರಾಕೆಟ್ ಪೋಣಿಸಿ, ಐದು ಮೀಟರ್ ದೂರದಿಂದ ವಿದ್ಯುತ್ ತಂತಿಯಲ್ಲಿ ಹೊತ್ತಿಸಬೇಕು. ಬತ್ತಿ, ಬೆಂಕಿಕಡ್ಡಿ ಯಾವುದೂ ಇಲ್ಲ. ಸ್ವಿಚ್ಚಿನ ಸೇಫ್ಟಿ ಕೀ ಹಾರಿಸುವ ಗಳಿಗೆಯವರೆಗೆ ದೊಡ್ಡವರ ಜೇಬಿನಲ್ಲಿ, ಗುಂಡಿ ಮಗುವಿನ ಬೆರಳಿನಡಿ. ಐದರಿಂದ ಜೋರಾಗಿ ಎಣಿಕೆ. ಹೊತ್ತದಿದ್ದರೆ ಕೀ ತೆಗೆದು ಒಂದು ನಿಮಿಷ ಯಾರೂ ಹತ್ತಿರ ಸುಳಿಯಬಾರದು. ಮರಕ್ಕೆ ಸಿಕ್ಕಿದರೆ ಮರದ್ದೇ ಆಯಿತು; ಕರೆಂಟ್ ತಂತಿಗೆ ಸಿಕ್ಕಿದರಂತೂ ಅದರ ಆಸೆಯನ್ನೇ ಬಿಡಬೇಕು. ಎಷ್ಟು ಎತ್ತರ ಹೋಯಿತೆಂದು ಅಳೆಯಲು ಕೋನಮಾಪಕಕ್ಕೆ ದಾರ, ದಾರಕ್ಕೊಂದು ಕಲ್ಲು ಸಾಕು. 100 ಮೀಟರ್ ದೂರ ನಿಂತ ತಂಗಿಗೆ ರಾಕೆಟ್ 45 ಡಿಗ್ರಿಯಲ್ಲಿ ಕಂಡರೆ ಎತ್ತರವೂ 100 ಮೀಟರ್. ಉಳಿದ ಕೋನಗಳಿಗೆ ಗ್ರಾಫ್ ಹಾಳೆಯ ಮೇಲೆ ಚಿತ್ರ ಬರೆದರಾಯಿತು, ತ್ರಿಕೋನಮಿತಿ ಬರುವತನಕ ಕಾಯಬೇಕಿಲ್ಲ.

ಇದೆಲ್ಲ ಡಲ್ಲಾಸಿನಲ್ಲೋ ಸ್ಯಾನ್ ಹೋಸೆಯಲ್ಲೋ ಇರುವ ಕನ್ನಡದ ಮನೆಗಳಿಗೆ ಸುಲಭ. ಕಿಟ್, ಮೋಟಾರ್ ಎರಡೂ ಅಲ್ಲಿನ ಹವ್ಯಾಸದ ಅಂಗಡಿಗಳಲ್ಲೇ ಸಿಗುತ್ತವೆ. ರಜೆಗೆ ಊರಿಗೆ ಬರುವಾಗ ಅಣ್ಣನ ಮಗನಿಗೆಂದು ಕಿಟ್ ತರಬಹುದು. ಮೋಟಾರನ್ನು ಮಾತ್ರ ವಿಮಾನದ ಯಾವ ಚೀಲದಲ್ಲೂ ಇಡುವಂತಿಲ್ಲ. ಇಲ್ಲಿ ಮದ್ದು ತಯಾರಿಸುವುದು, ಇಟ್ಟುಕೊಳ್ಳುವುದು 1884ರ ಸ್ಫೋಟಕ ಕಾಯ್ದೆಯ ಕೆಳಗೆ ಬರುತ್ತದೆ. ಯೂಟ್ಯೂಬ್ ನೋಡಿ ಅಡುಗೆಮನೆಯಲ್ಲಿ ಮದ್ದು ಬೆರೆಸಲು ಹೊರಡುವ ಹುಡುಗರನ್ನು ಪ್ರೀತಿಯಿಂದಲೇ ತಡೆಯಬೇಕು.

ಹಾಗಾದರೆ ಹಾವೇರಿಯ ಮಗು ಏನು ಮಾಡಬೇಕು? ನೀರಿನ ರಾಕೆಟ್ ಮಾಡಬೇಕು. ಸೋಡಾ, ಕೋಲಾ ತುಂಬಿ ಬರುವ ಬಾಟಲಿಯೇ ಆಗಬೇಕು; ತೆಳ್ಳನೆಯ ನೀರಿನ ಬಾಟಲಿ ಒತ್ತಡ ತಡೆಯದು. ಮೂರನೆಯ ಒಂದು ಭಾಗ ನೀರು, ಬಾಯಿಗೆ ವಾಲ್ವ್ ತೂರಿಸಿದ ಬಿಗಿ ಬಿರಡೆ, ಮೀಟರ್ ಇರುವ ಸೈಕಲ್ ಪಂಪ್, ಉದ್ದನೆಯ ಕೊಳವೆ, ಕಣ್ಣಿಗೆ ಕನ್ನಡಕ. ಆರಂಭಕ್ಕೆ 40 ಪಿಎಸ್‌ಐ ಒತ್ತಡ ಧಾರಾಳವಾಯಿತು. ಗೀರು ಬಿದ್ದ, ಮುದುರಿದ ಬಾಟಲಿಯನ್ನು ಎರಡನೇ ಮಾತಿಲ್ಲದೆ ಎಸೆಯಬೇಕು. ನೀರೇ ಇಲ್ಲದೆ ಒಮ್ಮೆ, ಕಾಲು ತುಂಬಿ ಒಮ್ಮೆ, ಮುಕ್ಕಾಲು ತುಂಬಿ ಒಮ್ಮೆ ಹಾರಿಸಿ ನೋಡಿದ ಮಗುವಿಗೆ ನ್ಯೂಟನ್ನನ ಮೂರನೇ ನಿಯಮವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ರಟ್ಟಿನ ರೆಕ್ಕೆ, ದಾರದ ಪರೀಕ್ಷೆ, ಕೋನಮಾಪಕ ಎಲ್ಲ ಇಲ್ಲೂ ಅವೇ. ಮೂತಿಯನ್ನು ಸಡಿಲವಾಗಿ ಕೂರಿಸಿ ಒಳಗೆ ಪ್ಯಾರಾಚೂಟ್ ಇಟ್ಟರೆ ಮೇಲೆ ವೇಗ ತಗ್ಗಿದಾಗ ಒಮ್ಮೊಮ್ಮೆ ಕಳಚುತ್ತದೆ, ಒಮ್ಮೊಮ್ಮೆ ಇಲ್ಲ. ಅದನ್ನು ಪ್ರತಿಸಲವೂ ಕಳಚುವಂತೆ ಮಾಡುವುದಿದೆಯಲ್ಲ, ಒಂದಿಡೀ ಬೇಸಿಗೆ ರಜೆಗೆ ಅಷ್ಟು ಕೆಲಸ ಸಾಕು.

ರಾಕೆಟ್ ನಮ್ಮ ನೆಲಕ್ಕೆ ಹೊಸತೂ ಅಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳು ಬಾವಿಯೊಂದರಿಂದ ಹೈದರ್-ಟಿಪ್ಪು ಕಾಲದ್ದೆನ್ನುವ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು. ಅವನ್ನು ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಒಯ್ದರು. ಕಬ್ಬಿಣದ ಕೊಳವೆ ಹೆಚ್ಚು ಒತ್ತಡ ತಡೆಯುತ್ತಿದ್ದುದರಿಂದಲೇ ಮೈಸೂರಿನ ರಾಕೆಟ್‌ಗಳು ದೂರ ಹೋಗುತ್ತಿದ್ದವು, ಇಂಗ್ಲಿಷರನ್ನು ಬೆಚ್ಚಿಸಿದವು. ಮಕ್ಕಳ ರಾಕೆಟ್ಟಿನ ಮೊದಲ ನಿಯಮ ಅದಕ್ಕೆ ನೇರ ವಿರುದ್ಧ: ಕಾಗದ, ಮರ, ಪ್ಲಾಸ್ಟಿಕ್ ಬಿಟ್ಟು ಲೋಹದ ಕೊಳವೆ, ಲೋಹದ ಮೂತಿ, ಲೋಹದ ರೆಕ್ಕೆ ಕೂಡದು. ಒಡೆದರೂ ಚೂರು ಸಿಡಿಯಬಾರದು.

ಬೇಕಿರುವುದು ಇನ್ನೊಂದೇ, ಜಾಗ. ಮರ, ತಂತಿ, ರಸ್ತೆ ಇಲ್ಲದ ಬಯಲು ಪೇಟೆಯಲ್ಲಿ ಉಳಿದಿರುವುದು ಶಾಲೆಗಳಲ್ಲಿ ಮಾತ್ರ. ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ: ಭಾನುವಾರ ಬೆಳಿಗ್ಗೆ, ಗಾಳಿ ಏಳುವ ಮುಂಚೆ, ಒಂದೆರಡು ಗಂಟೆ ಮೈದಾನದ ಗೇಟು ತೆರೆಸಿಕೊಡಿ.