ಮನೆಯಲ್ಲಿಲ್ಲ ಎನ್ನುವ ಸೌಜನ್ಯ

ಬ್ರಿಟಿಷರ ಕಾಲದ ಸಿವಿಲ್ ಸ್ಟೇಷನ್ನುಗಳಲ್ಲಿ ಸಾಹೇಬರ ಬಂಗಲೆಯ ಗೇಟಿನಲ್ಲಿ ಸಣ್ಣ ಪೆಟ್ಟಿಗೆಯೊಂದನ್ನು ತೂಗುಹಾಕುವ ರೂಢಿಯಿತ್ತು. ಅದರ ಮೇಲಿನ ಬರಹ: ‘ನಾಟ್ ಅಟ್ ಹೋಮ್’. ಊರಿಗೆ ಹೊಸದಾಗಿ ಬಂದ ಅಧಿಕಾರಿ ನಡುಹಗಲಿನ ಬಿಸಿಲಿನಲ್ಲಿ, ಪೂರ್ಣ ಪೋಷಾಕಿನಲ್ಲಿ ಬಂಗಲೆಯಿಂದ ಬಂಗಲೆಗೆ ಹೋಗಿ ತನ್ನ ಹೆಸರು ಅಚ್ಚಾದ ಚೀಟಿಯನ್ನು ಹಾಕಿ ಬರಬೇಕಿತ್ತು. ದೊರೆಸಾನಿ ವರಾಂಡದಲ್ಲಿಯೇ ಕುಳಿತಿರಬಹುದು. ಪೆಟ್ಟಿಗೆ ತೂಗುತ್ತಿದ್ದರೆ ಆಕೆ ಮನೆಯಲ್ಲಿಲ್ಲ. ಇದನ್ನು ಸುಳ್ಳೆಂದು ಯಾರೂ ಎಣಿಸುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ ಕ್ರಮ ತಿರುವುಮುರುವು. ಅಲ್ಲಿ ಹೊಸಬರು ಕಾದಿರಬೇಕು, ನೆಲೆಸಿದವರು ಮೊದಲು ಬರಬೇಕು. ವಿಕ್ಟೋರಿಯಾ ರಾಣಿಯ ಕಾಲದ ಶಿಷ್ಟಾಚಾರವಂತೂ ಖಜಾನೆಯ ಲೆಕ್ಕಪುಸ್ತಕದಷ್ಟು ಕಟ್ಟುನಿಟ್ಟು. ವಿವಾಹಿತೆಯು ತನ್ನದೊಂದು, ಗಂಡನದೆರಡು ಚೀಟಿಗಳನ್ನು ಬಿಡಬೇಕು. ಗಂಡನವು ಆ ಮನೆಯ ದಂಪತಿಗಳಿಬ್ಬರಿಗೆ. ಅವಳದು ಯಜಮಾನಿತಿಗೆ ಮಾತ್ರ. ಹೆಂಗಸು ಪರಪುರುಷನನ್ನು ಕಾಣಲು ಹೋಗುವುದುಂಟೆ! ಮೂಲೆ ಮಡಿಸಿದ್ದರೆ ಸ್ವತಃ ಬಂದಿದ್ದರೆಂದು ತಿಳಿಯಬೇಕು. ಊರು ಬಿಡುವಾಗ ‘ಪಿ.ಪಿ.ಸಿ.’ ಎಂದು ಬರೆಯಬೇಕು. ಬೀಳ್ಕೊಳ್ಳಲು ಬಂದೆ ಎಂಬ ಫ್ರೆಂಚ್ ಮಾತಿನ ಸಂಕ್ಷೇಪ ಅದು. ಚೀಟಿಗೆ ಪ್ರತಿಯಾಗಿ ಚೀಟಿಯಷ್ಟೇ ಬಂದರೆ, ಪರಿಚಯ ಅಲ್ಲಿಗೇ ಸಾಕೆಂದು ಅರ್ಥ. ಅರ್ಥಶಾಸ್ತ್ರ ಓದಿದ ನನಗೆ, ಇಷ್ಟು ಅಗ್ಗದಲ್ಲಿ ಇಷ್ಟು ಮಾಹಿತಿ ಸಾಗಿಸಿದ ಬೇರೊಂದು ಸಾಧನ ನೆನಪಾಗದು. ನಿರಾಕೃತನಾದವನು ಯಾರೆದುರೂ ಮುಖ ಸಣ್ಣದು ಮಾಡಿಕೊಳ್ಳಬೇಕಿರಲಿಲ್ಲ.

ಇದೆಲ್ಲ ಬಹುಮಟ್ಟಿಗೆ ಬಿಳಿಯರು ಬಿಳಿಯರಿಗೆ ತೋರಿದ ಸೌಜನ್ಯವೆಂಬುದನ್ನು ಮರೆಯುವಂತಿಲ್ಲ. ಅವರ ಎಷ್ಟೋ ಕ್ಲಬ್ಬುಗಳು ಭಾರತೀಯರಿಗೆ ಬಾಗಿಲನ್ನೇ ತೆರೆದಿರಲಿಲ್ಲ. ಆದರೂ ಎಂಬತ್ತರ ದಶಕದಲ್ಲಿ ನಾನು ಸೇವೆಗೆ ಸೇರಿದಾಗ, ಹಿರಿಯ ಅಧಿಕಾರಿಗಳ ಮನೆಗೆ ಹೋಗಿ ‘ಕಾಲ್ ಆನ್’ ಮಾಡುವ ವಾಡಿಕೆ ಉಳಿದಿತ್ತು. ಎಷ್ಟು ಹೊತ್ತು ಕುಳಿತಿರಬೇಕು, ಯಾವಾಗ ಏಳಬೇಕು ಎಂಬುದನ್ನೆಲ್ಲ ಶ್ರದ್ಧೆಯಿಂದ ಕಲಿತೆ.

ಅದೇ ದಿನಗಳಲ್ಲಿ ನನ್ನ ಕೊಠಡಿಯ ಹೊರಗೆ ಜನರು ತುಂಡುಕಾಗದದ ಮೇಲೆ ಹೆಸರು ಬರೆದು ದಲಾಯತನ ಕೈಗೆ ಕೊಡುತ್ತಿದ್ದರು. ಅದೂ ಅಂಥದೇ ಚೀಟಿಯೆಂದು ನನಗೆ ಹೊಳೆದಿರಲಿಲ್ಲ. ಒಂದು ಸಂಜೆ ಕಡತಗಳ ಅಡಿಯಲ್ಲಿ ಬೆಳಗಿನ ಚೀಟಿಯೊಂದು ಸಿಕ್ಕಿತು. ಪಹಣಿಯ ತಿದ್ದುಪಡಿಗೆಂದು ಬಂದ ವೃದ್ಧ ರೈತರೊಬ್ಬರದು. ಹೊರಗೆ ಬಂದು ನೋಡಿದರೆ, ಬೆಂಚಿನ ಮೇಲೆ ಇನ್ನೂ ಕುಳಿತಿದ್ದಾರೆ.

ನಾನು ಏನೋ ಸಮಜಾಯಿಷಿ ಹೇಳಹೊರಟೆ. ಅವರು ಎದ್ದುನಿಂತು ಕೈಮುಗಿದರು. “ಸಾಹೇಬರು ಇಲ್ಲ ಅಂದಿದ್ರೆ ಬೆಳಿಗ್ಗೇನೇ ಹೊರಟುಹೋಗ್ತಿದ್ದೆ ಸ್ವಾಮಿ. ಒಳಗವ್ರೆ ಅಂದ್ರು, ಅದಕ್ಕೇ ಕೂತೆ.”

ಅವರ ಊರಿನ ಕಡೆಯ ಬಸ್ಸು ಆಗಲೇ ಹೋಗಿತ್ತು.