ಕೂಲಿಯ ತೂಕ: ಬೆಳ್ಳಿಯಲ್ಲೋ, ಗೋಧಿಯಲ್ಲೋ?

ಎರಡು ನಗರಗಳ ಕಸುಬುದಾರರಲ್ಲಿ ಯಾರ ಬದುಕು ಮೇಲು ಎಂದು ಅಳೆಯಲು ಅರ್ಥಶಾಸ್ತ್ರಜ್ಞರು ಬಹುಕಾಲದಿಂದ ಕಟ್ಟಡ ಕೆಲಸದವರ ಕೂಲಿಯನ್ನೇ ನೆಚ್ಚಿಕೊಂಡಿದ್ದಾರೆ. ಗಾರೆಯವರು, ಕಲ್ಲುಕುಟಿಗರು, ಬಡಗಿಗಳು ಇಲ್ಲದ ನಗರವಿಲ್ಲ. ಅವರ ಕೆಲಸವೂ ಊರಿಂದೂರಿಗೆ ತೀರಾ ಬೇರೆಯಾಗಿರುವುದಿಲ್ಲ. ಅವರಿಂದ ಕೆಲಸ ಮಾಡಿಸಿದ ಚರ್ಚುಗಳು, ಕಾಲೇಜುಗಳು, ಅರಮನೆಗಳು ದಿನಗೂಲಿಯ ಲೆಕ್ಕ ಬರೆದಿಟ್ಟವು. ಹೆನ್ರಿ ಫೆಲ್ಪ್ಸ್ ಬ್ರೌನ್ ಮತ್ತು ಶೀಲಾ ಹಾಪ್ಕಿನ್ಸ್ 1950ರ ದಶಕದಲ್ಲಿ ಇಂಥ ಲೆಕ್ಕಗಳಿಂದಲೇ ದಕ್ಷಿಣ ಇಂಗ್ಲೆಂಡಿನ ಕಟ್ಟಡ ಕೂಲಿಯ ಏಳು ಶತಮಾನಗಳ ಇತಿಹಾಸವನ್ನು ಕಟ್ಟಿಕೊಟ್ಟರು. ಅದು 1264ರಿಂದ ಶುರುವಾಗುತ್ತದೆ.

ದೇಶದಿಂದ ದೇಶಕ್ಕೆ ನಾಣ್ಯ ಬೇರೆಯಾದ್ದರಿಂದ ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತರಬೇಕು. ಹಳೆಯ ಕಾಲಕ್ಕೆ ಆ ಅಳತೆ ಬೆಳ್ಳಿ. ಆದರೆ ಬೆಳ್ಳಿ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಅಕ್ಬರನ ಕಾಲದ ಲೆಕ್ಕವೇ ಸಾಕ್ಷಿ. ಅಬುಲ್ ಫಜಲ್ 1590ರ ದಶಕದಲ್ಲಿ ಪೂರೈಸಿದ 'ಐನ್-ಇ-ಅಕ್ಬರಿ'ಯಲ್ಲಿ ಬಡಗಿಗಳಿಗೆ ಐದು ದರ್ಜೆಗಳಿವೆ. ಮೊದಲ ದರ್ಜೆಯವನಿಗೆ ದಿನಕ್ಕೆ 7 ದಾಮ್, ಕೊನೆಯ ದರ್ಜೆಯವನಿಗೆ 2 ದಾಮ್. 40 ದಾಮಿಗೆ ಒಂದು ರೂಪಾಯಿ. ಆ ರೂಪಾಯಿಯ ತೂಕ ಸುಮಾರು 11.5 ಗ್ರಾಂ ಬೆಳ್ಳಿ. ಅಂದರೆ 2 ದಾಮ್ ಕೂಲಿ ಅರ್ಧ ಗ್ರಾಂ ಬೆಳ್ಳಿಗಿಂತ ತುಸು ಹೆಚ್ಚು. ಆ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಸಾಮಾನ್ಯ ಕಟ್ಟಡದ ಆಳಿಗೆ ದಿನಕ್ಕೆ ಸುಮಾರು 3.4 ಗ್ರಾಂ ಸಿಗುತ್ತಿತ್ತೆಂದು ಸ್ಟೀಫನ್ ಬ್ರಾಡ್‌ಬೆರಿ ಮತ್ತು ಬಿಷ್ಣುಪ್ರಿಯ ಗುಪ್ತ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಬೆಳ್ಳಿಯಲ್ಲಿ ನೋಡಿದರೆ ಇಂಗ್ಲೆಂಡಿನವನದು ಆರು ಪಟ್ಟು.

ಆದರೆ ಮನೆಯವರು ಉಣ್ಣುವುದು ಬೆಳ್ಳಿಯನ್ನಲ್ಲ. 'ಐನ್' ಕೊಡುವ ಗೋಧಿಯ ದರ ಮಣಕ್ಕೆ 12 ದಾಮ್. ಆಗಿನ ಮಣ ಸುಮಾರು 25 ಕಿಲೊ. ಹಾಗಾಗಿ 2 ದಾಮಿಗೆ ನಾಲ್ಕು ಕಿಲೊಗೂ ಮಿಕ್ಕಿ ಗೋಧಿ ಬರುತ್ತಿತ್ತು. ಇಂಗ್ಲೆಂಡಿನ ಆಳು ತನ್ನ ಕೂಲಿಗೆ ಕೊಳ್ಳಬಹುದಾಗಿದ್ದ ಗೋಧಿ ಆರು ಕಿಲೊ ಚಿಲ್ಲರೆ. ಆರು ಪಟ್ಟಿದ್ದ ಅಂತರ ಒಂದೂವರೆ ಪಟ್ಟಿಗೆ ಇಳಿಯಿತು. ಬೆಳ್ಳಿ ಹಡಗೇರಿ ಕಡಲು ದಾಟುತ್ತಿತ್ತು. ದವಸವನ್ನು ಅಷ್ಟು ದೂರ ಸಾಗಿಸಿದರೆ ಗಿಟ್ಟುತ್ತಿರಲಿಲ್ಲ. ಆದ್ದರಿಂದ ಊಟದ ಬೆಲೆ ಆಯಾ ಸೀಮೆಯ ಬೆಳೆಯ ಮೇಲೆಯೇ ನಿಂತಿತ್ತು. ಈ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಕಸುಬುದಾರನ ಕೂಲಿ ಶತಮಾನಗಳ ಕಾಲ ಕೈಯಾಳಿನ ಕೂಲಿಯ ಒಂದೂವರೆ ಪಟ್ಟಿನ ಆಸುಪಾಸಿನಲ್ಲೇ ಇತ್ತು. ಮೊಘಲರಲ್ಲಿ ನುರಿತ ಬಡಗಿಗೂ ಕೊನೆಯ ದರ್ಜೆಯ ಬಡಗಿಗೂ ಮೂರೂವರೆ ಪಟ್ಟು ವ್ಯತ್ಯಾಸ. ನುರಿತ ಕೈಗೆ ಇಲ್ಲಿ ದೊಡ್ಡ ಬೆಲೆಯಿತ್ತು. ಇವು ಅರಮನೆಯ ಕಟ್ಟಡಗಳ ದರಗಳು, ಪೇಟೆಯ ದರಗಳಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಗೋಧಿಯೊಂದರಿಂದಲೂ ಸಂಸಾರ ಸಾಗದು. ರಾಬರ್ಟ್ ಅಲೆನ್ ಎಂಬ ಇತಿಹಾಸಕಾರರು ಅದಕ್ಕಾಗಿ ವರ್ಷದ ಬುಟ್ಟಿಯೊಂದನ್ನು ರೂಪಿಸಿದರು: ಧಾನ್ಯ, ಕಾಳು, ಒಂದಿಷ್ಟು ಮಾಂಸ, ಬೆಣ್ಣೆ ಅಥವಾ ಎಣ್ಣೆ, ಸಾಬೂನು, ಬಟ್ಟೆ, ದೀಪ, ಸೌದೆ. ಸಂಸಾರಕ್ಕೆ ಇಂಥ ಮೂರು ಬುಟ್ಟಿ, ಮೇಲೆ ಬಾಡಿಗೆಗೆ ಶೇಕಡಾ 5. ವರ್ಷಕ್ಕೆ 250 ದಿನದ ದುಡಿಮೆಯಿಂದ ಈ ಖರ್ಚು ಎಷ್ಟು ಸಲ ತೀರುತ್ತದೆ ಎಂಬುದೇ ಅಳತೆ. ಬುಟ್ಟಿಯ ಧಾನ್ಯ ಮಾತ್ರ ಊರಿಗೆ ತಕ್ಕಂತೆ ಬದಲಾಗುತ್ತದೆ. ಇಂಗ್ಲೆಂಡಿಗೆ ಓಟ್ಸ್, ಬೀಜಿಂಗಿಗೆ ಜೋಳ, ಭಾರತಕ್ಕೆ ಅಕ್ಕಿ ಇಲ್ಲವೆ ಸಿರಿಧಾನ್ಯ. ಇದು ನ್ಯಾಯವಾದ ಕ್ರಮ. ರಾಗಿಯುಣ್ಣುವ ಮೈಸೂರು ಸೀಮೆಯ ಆಳಿನ ಖರ್ಚನ್ನು ಗೋಧಿ ರೊಟ್ಟಿಯ ಬೆಲೆಯಲ್ಲಿ ಅಳೆದರೆ ಅವನನ್ನು ಇರುವುದಕ್ಕಿಂತ ಬಡವನಾಗಿ ತೋರಿಸಿದಂತೆ. 18ನೇ ಶತಮಾನದಲ್ಲಿ ಲಂಡನ್ನಿನ ಆಳಿನ ಗಳಿಕೆ ಕನಿಷ್ಠ ಜೀವನದ ನಾಲ್ಕು ಪಟ್ಟಿನಷ್ಟಿದ್ದರೆ, ದಿಲ್ಲಿ, ಬೀಜಿಂಗ್ ಮತ್ತು ಇಟಲಿಯ ನಗರಗಳಲ್ಲಿ ಅದು ಒಂದು ಪಟ್ಟಿನ ಆಚೀಚೆ ಇತ್ತೆಂಬುದು ಅಲೆನ್ನರ ತೀರ್ಮಾನ. ದಕ್ಷಿಣ ಭಾರತದ ಚಿತ್ರ ಇಷ್ಟು ಸರಳವಲ್ಲ. ಅಲ್ಲಿನ ನೇಕಾರರು ಧಾನ್ಯದ ಲೆಕ್ಕದಲ್ಲಿ ಬ್ರಿಟನ್ನಿನ ನೇಕಾರರಿಗೆ ಸರಿಸಮವಾಗಿದ್ದರೆಂದು ಪ್ರಸನ್ನನ್ ಪಾರ್ಥಸಾರಥಿ 1998ರಲ್ಲಿ ವಾದಿಸಿದರು. ಬ್ರಾಡ್‌ಬೆರಿ ಮತ್ತು ಗುಪ್ತ ಅದನ್ನು ಒಪ್ಪುವುದಿಲ್ಲ.

ಬೆಲೆಗಳನ್ನು ಎಷ್ಟೇ ಜೋಪಾನವಾಗಿ ಸರಿದೂಗಿಸಿದರೂ, ಕೂಲಿಯ ಅಂಕಿಯೇ ತಪ್ಪಿದ್ದರೆ ಫಲವಿಲ್ಲ. ಲಂಡನ್ನಿನ ಕಟ್ಟಡ ಲೆಕ್ಕಗಳನ್ನು ಮತ್ತೆ ಬಿಚ್ಚಿ ನೋಡಿದ ಜೂಡಿ ಸ್ಟೀಫನ್‌ಸನ್, ಅಲ್ಲಿರುವ ದಿನಗೂಲಿ ಗುತ್ತಿಗೆದಾರ ಕೇಳಿದ ಹಣವೇ ಹೊರತು ಆಳಿನ ಕೈಸೇರಿದ್ದಲ್ಲ ಎಂದು 2018ರಲ್ಲಿ ತೋರಿಸಿದರು. ನಿಜವಾದ ಕೂಲಿ ಶೇಕಡಾ 20ರಿಂದ 30ರಷ್ಟು ಕಡಿಮೆಯಿತ್ತು. ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ಕಲ್ಲುಕೆಲಸದವರಲ್ಲಿ ಅನೇಕರಿಗೆ ವರ್ಷವಿಡೀ ಕೆಲಸವೂ ಸಿಗುತ್ತಿರಲಿಲ್ಲ. ಗುತ್ತಿಗೆದಾರ, ಮೇಸ್ತ್ರಿ, ಆಳು ಎಂಬ ಸರಪಳಿ ಇಂದಿಗೂ ಹಾಗೇ ಇರುವುದರಿಂದ ಈ ಎಚ್ಚರಿಕೆ ಹಳೆಯ ಲಂಡನ್ನಿಗಷ್ಟೇ ಸೀಮಿತವಲ್ಲ.

ಇಂದಿನ ನಗರಗಳನ್ನು ಹೋಲಿಸುವಾಗ ಹೆಚ್ಚಿನವರು ಎಡವುವುದು ಬೆಲೆ ಸೂಚ್ಯಂಕದಲ್ಲಿ. ಕೇಂದ್ರ ಕಾರ್ಮಿಕ ಬ್ಯೂರೊ ಬೆಂಗಳೂರು, ಮೈಸೂರು, ಬೆಳಗಾವಿ ಮೊದಲಾದ ಕೇಂದ್ರಗಳಿಗೆ ಕೈಗಾರಿಕಾ ಕಾರ್ಮಿಕರ ಸೂಚ್ಯಂಕವನ್ನು ಪ್ರಕಟಿಸುತ್ತದೆ. ಪ್ರತಿ ಕೇಂದ್ರದ 2016ರ ಬೆಲೆಯನ್ನೂ 100 ಎಂದೇ ಇಟ್ಟುಕೊಂಡಿರುವುದರಿಂದ, ಆಯಾ ಊರಿನಲ್ಲಿ ಬೆಲೆ ಎಷ್ಟು ಏರಿತು ಎಂಬುದನ್ನು ಅದು ಹೇಳಬಲ್ಲದು. ಯಾವ ಊರು ತುಟ್ಟಿ ಎಂಬುದನ್ನಲ್ಲ. ಅದನ್ನು ತಿಳಿಯಲು ಎರಡೂ ಊರುಗಳಲ್ಲಿ ಅದೇ ಅಕ್ಕಿ, ಅದೇ ಬಸ್ ಪ್ರಯಾಣ, ಅಂಥದೇ ಕೋಣೆಯ ಬಾಡಿಗೆಯನ್ನು ಒಂದೇ ತಿಂಗಳಲ್ಲಿ ಕೇಳಿ ಬರೆಯಬೇಕು. ಅದರಲ್ಲೂ ಬಾಡಿಗೆಯನ್ನು ಅಲೆನ್ನರಂತೆ ಶೇಕಡಾ 5ಕ್ಕೆ ನಿಲ್ಲಿಸಿದರೆ ಇಂದಿನ ಬೆಂಗಳೂರಿನ ಲೆಕ್ಕ ಕೂಡಿಬರುವುದಿಲ್ಲ.

ವಲಸೆ ಬಂದವನ ಲೆಕ್ಕವೇ ಬೇರೆ. ರಾಯಚೂರಿನಿಂದ ಬೆಂಗಳೂರಿಗೆ ಬಂದ ಗಾರೆಯವನ ಕೂಲಿಯೂ ಅಲ್ಲಿನ ಬೆಲೆಯೂ ಊರಿನ ಒಂದೂವರೆ ಪಟ್ಟು ಎಂದುಕೊಳ್ಳೋಣ. ಸಂಸಾರ ಸಮೇತ ನಗರದಲ್ಲೇ ಇದ್ದು ಎಲ್ಲವನ್ನೂ ಅಲ್ಲೇ ಖರ್ಚು ಮಾಡಿದರೆ ಅವನಿಗೆ ದಕ್ಕಿದ್ದು ಏನೂ ಇಲ್ಲ. ಅರ್ಧ ಕೂಲಿಯನ್ನು ಊರಿಗೆ ಕಳಿಸಿದರೆ, ಆ ಅರ್ಧ ಊರಿನ ಬೆಲೆಯಲ್ಲಿ ಖರ್ಚಾಗಿ, ಒಟ್ಟು ಗಳಿಕೆ ಊರಲ್ಲೇ ಇದ್ದಾಗಿನದಕ್ಕಿಂತ ಕಾಲು ಪಾಲು ಹೆಚ್ಚುತ್ತದೆ. ಅದರಿಂದ ಹೋಗಿಬರುವ ಬಸ್ ಚಾರ್ಜನ್ನೂ ಕೆಲಸವಿಲ್ಲದ ದಿನಗಳನ್ನೂ ಕಳೆದು ಉಳಿದದ್ದೇ ಅವನ ಲಾಭ.